ಮೂರು ತಂತಿ, ಒಂದು ಕೊಳವೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ಮಿಸಿಸಿಪಿ ಪ್ರಾಂತದಲ್ಲಿ ಟಟ್‌ವೈಲರ್ ಎಂಬ ಸಣ್ಣ ಊರೊಂದಿದೆ. 1903ರ ಸುಮಾರಿನಲ್ಲಿ ಒಂದು ರಾತ್ರಿ ಅಲ್ಲಿಯ ರೈಲು ನಿಲ್ದಾಣದಲ್ಲಿ, ಹೊತ್ತು ಮೀರಿದರೂ ಬಾರದ ಗಾಡಿಗಾಗಿ ಕಾದು ಬೇಸತ್ತು, ಡಬ್ಲ್ಯು. ಸಿ. ಹ್ಯಾಂಡಿ ಎಂಬ ವಾದ್ಯಗಾರರು ನಿದ್ದೆಹೋಗಿದ್ದರು. ಎಚ್ಚರವಾದಾಗ ಅವರ ಪಕ್ಕದಲ್ಲಿ ಹರಕು ಬಟ್ಟೆಯ ಬಡವನೊಬ್ಬ ಗಿಟಾರು ನುಡಿಸುತ್ತಿದ್ದ. ಅವನು ತಂತಿಗಳನ್ನು ಬೆರಳಿನಿಂದ ಒತ್ತುತ್ತಿರಲಿಲ್ಲ. ಚಾಕುವೊಂದನ್ನು ಅವುಗಳ ಮೇಲಿಟ್ಟು ಅತ್ತಿತ್ತ ಜಾರಿಸುತ್ತಿದ್ದ. ಹ್ಯಾಂಡಿಯವರು ವಾದ್ಯಮೇಳವನ್ನು ನಡೆಸಿದವರು, ಸ್ವರಲಿಪಿಯನ್ನು ಬಲ್ಲವರು. ಆದರೂ ಅಂಥ ನಾದವನ್ನು ತಾವು ಹಿಂದೆಂದೂ ಕೇಳಿರಲಿಲ್ಲವೆಂದು 1941ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಆ ಚಾಕು ಮಾಡಿದ ಕೆಲಸವೇನು? ಅದೇ ಕೆಲಸವನ್ನು ಇಂದು ಗಾಜಿನ ಇಲ್ಲವೆ ಹಿತ್ತಾಳೆಯ ಒಂದು ಕೊಳವೆ ಮಾಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಲೈಡ್ ಎಂದು ಹೆಸರು. ಇದರಿಂದ ನುಡಿಸಲು ಆರು ತಂತಿಗಳೂ ಬೇಕಾಗಿಲ್ಲ, ಮೂರು ಸಾಕು. ಇಂತಹ ಮೂರು ತಂತಿಯ ವಾದ್ಯವನ್ನು ಅಣಿಗೊಳಿಸುವುದು ಹೇಗೆ, ಅದಕ್ಕೆ ಶ್ರುತಿ ಕೂಡಿಸುವುದು ಹೇಗೆ, ಪ್ರತಿಯೊಂದು ಹೆಜ್ಜೆಗೂ ಕಾರಣವೇನು ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರಮಾಡೋಣ. ವಾದ್ಯ ಅಗ್ಗದ್ದು, ಆದರೆ ಅದು ಕಲಿಸುವ ಭೌತವಿಜ್ಞಾನ ಅಗ್ಗದ್ದಲ್ಲ.

ತಂತಿಯ ನಿಯಮಗಳು

ಬಿಗಿದ ತಂತಿಯ ಕಂಪನವನ್ನು ಕುರಿತ ನಿಯಮಗಳನ್ನು ಫ್ರಾನ್ಸಿನ ಮಾರಿನ್ ಮೆರ್ಸೆನ್ 1636ರಲ್ಲಿ ಪ್ರಕಟಿಸಿದ. ಪ್ರೌಢಶಾಲೆಯಲ್ಲಿ ಸೋನೋಮೀಟರಿನ ಪ್ರಯೋಗವನ್ನು ಮಾಡಿದವರಿಗೆ ಇವು ಪರಿಚಿತವೇ. ತಂತಿಯ ಉದ್ದವನ್ನು ಅರ್ಧ ಮಾಡಿದರೆ ಕಂಪನಸಂಖ್ಯೆ ಇಮ್ಮಡಿಯಾಗುತ್ತದೆ. ಬಿಗಿತವನ್ನು ನಾಲ್ಮಡಿ ಮಾಡಿದರೆ ಕಂಪನಸಂಖ್ಯೆ ಇಮ್ಮಡಿಯಾಗುತ್ತದೆ. ಒಂದು ಮೀಟರು ತಂತಿಯ ತೂಕ ನಾಲ್ಮಡಿಯಾದರೆ ಕಂಪನಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ವಾದ್ಯವನ್ನು ಕಟ್ಟುವವನು ತೂಕವನ್ನು ಆರಿಸುತ್ತಾನೆ, ಶ್ರುತಿ ಕೂಡಿಸುವವನು ಬಿಗಿತವನ್ನು ಹೊಂದಿಸುತ್ತಾನೆ, ನುಡಿಸುವವನು ಉದ್ದವನ್ನು ಬದಲಿಸುತ್ತಾನೆ. ಒಂದೇ ಸೂತ್ರದ ಮೂರು ಭಾಗಗಳು ಮೂವರ ಕೈಗೆ ಹಂಚಿಹೋಗಿವೆಯೆನ್ನಬಹುದು.

ಸಾಮಾನ್ಯ ಗಿಟಾರಿನಲ್ಲಿ ನುಡಿಸುವವನ ಪಾಲಿಗೆ ಬಂದ ಈ ಭಾಗವೂ ಪೂರ್ತಿ ಅವನದಲ್ಲ. ದಂಡಿಯ ಮೇಲೆ ಲೋಹದ ಮೆಟ್ಟಿಲುಗಳಿವೆ. ಬೆರಳನ್ನು ಎರಡು ಮೆಟ್ಟಿಲುಗಳ ನಡುವೆ ಎಲ್ಲಿ ಒತ್ತಿದರೂ ತಂತಿ ಮುಂದಿನ ಮೆಟ್ಟಿಲಿನ ಮೇಲೆಯೇ ನಿಲ್ಲುತ್ತದೆ. ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೂ ಕಂಪನಸಂಖ್ಯೆ 1.0595 ಪಟ್ಟು ಏರುವಂತೆ ಕಾರ್ಖಾನೆಯಲ್ಲಿಯೇ ಗೊತ್ತುಮಾಡಿರುತ್ತಾರೆ. ಅಂದಮೇಲೆ ಸ್ವರ ಎಲ್ಲಿರಬೇಕೆಂಬುದು ಬೇರೊಬ್ಬರು ಆಗಲೇ ಮಾಡಿಟ್ಟ ತೀರ್ಮಾನ. ಕೊಳವೆಯಿಂದ ನುಡಿಸುವಾಗ ತಂತಿ ಮೆಟ್ಟಿಲನ್ನು ಮುಟ್ಟುವುದೇ ಇಲ್ಲ. ಕೊಳವೆ ಎಲ್ಲಿ ನಿಂತಿತೋ ಅಲ್ಲಿಗೆ ತಂತಿಯ ಉದ್ದ ಮುಗಿಯಿತು. ತೀರ್ಮಾನ ಮತ್ತೆ ಕಿವಿಗೆ ಬರುತ್ತದೆ. ತಪ್ಪು ಮಾಡುವ ಅವಕಾಶವೂ ಅದರೊಡನೆ ಬರುತ್ತದೆ.

ನಾಲ್ಕು ಮಿಲಿಮೀಟರು

ಇದರಿಂದ ಆಗುವ ಲಾಭವೇನೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ತಂತಿಯ ಉದ್ದ 635 ಮಿಲಿಮೀಟರು, ಎಂದರೆ 25 ಅಂಗುಲ, ಇರಲಿ. ಐದನೆಯ ಮೆಟ್ಟಿಲು ಮಧ್ಯಮದ ಸ್ಥಾನ. ಅದು ತಲೆಯ ಕಡೆಯಿಂದ 159.3 ಮಿಲಿಮೀಟರು ದೂರದಲ್ಲಿದೆ. 4:3 ಎಂಬ ಶುದ್ಧ ಅನುಪಾತದ ಮಧ್ಯಮ ಬೇಕಾದರೆ 158.8 ಮಿಲಿಮೀಟರಿನಲ್ಲಿ ನಿಲ್ಲಬೇಕು. ಏಳನೆಯ ಮೆಟ್ಟಿಲು ಪಂಚಮ, ಅದು 211.2ರಲ್ಲಿದೆ, 3:2ರ ಶುದ್ಧ ಪಂಚಮ 211.7ರಲ್ಲಿ. ವ್ಯತ್ಯಾಸ ಅರ್ಧ ಮಿಲಿಮೀಟರು, ಯಾರೂ ಲೆಕ್ಕಿಸಬೇಕಾಗಿಲ್ಲ.

ಆದರೆ ಗಾಂಧಾರದ ಕಥೆ ಬೇರೆ. ನಾಲ್ಕನೆಯ ಮೆಟ್ಟಿಲು 131 ಮಿಲಿಮೀಟರಿನಲ್ಲಿದೆ. 5:4 ಅನುಪಾತದ ಇಂಪಾದ ಅಂತರ ಗಾಂಧಾರ 127ರಲ್ಲಿಯೇ ಸಿಗುತ್ತದೆ. ಮೂರನೆಯ ಮೆಟ್ಟಿಲು 101ರಲ್ಲಿದೆ. 6:5ರ ಸಾಧಾರಣ ಗಾಂಧಾರವಾದರೋ ಸುಮಾರು 106ರಲ್ಲಿ. ಮೆಟ್ಟಿಲುಗಳು ಸ್ವರವನ್ನು ನಾಲ್ಕೈದು ಮಿಲಿಮೀಟರುಗಳಷ್ಟು ತಪ್ಪಿಸಿ ನಿಂತಿವೆ ಎಂದಾಯಿತು. ಮಿಸಿಸಿಪಿಯ ಬ್ಲೂಸ್ ಗಾಯಕರ ಗಾಂಧಾರ ಅನೇಕ ವೇಳೆ ಈ ಎರಡರ ನಡುವೆ ಎಲ್ಲಿಯೋ ಇರುತ್ತದೆ. ಪಿಯಾನೋದಲ್ಲಿ ಅದಕ್ಕೆ ಮಣೆಯಿಲ್ಲ, ಗಿಟಾರಿನಲ್ಲಿ ಮೆಟ್ಟಿಲಿಲ್ಲ. ಚಾಕು ಹುಡುಕಿಕೊಂಡು ಹೋದದ್ದು ಆ ಸ್ವರವನ್ನು. ಗಮಕವಿಲ್ಲದೆ ರಾಗವಿಲ್ಲವೆಂದು ತಿಳಿದ ನಮಗೆ ಇದು ಅಪರಿಚಿತ ವಿಷಯವೇನೂ ಅಲ್ಲ.

ಮೂರೇ ತಂತಿ ಏಕೆ?

ಮೊದಲ ಕಾರಣ ಬಡತನ. ಅಮೆರಿಕಾದ ದಕ್ಷಿಣ ಪ್ರಾಂತಗಳಲ್ಲಿ ಆಫ್ರಿಕಾ ಮೂಲದ ಕೃಷಿಕಾರ್ಮಿಕರ ಮಕ್ಕಳು ಪೊರಕೆಗೆ ಸುತ್ತಿದ ತಂತಿಯನ್ನು ಬಿಚ್ಚಿ, ಮನೆಯ ಮರದ ಗೋಡೆಗೆ ಎರಡು ಮೊಳೆ ಹೊಡೆದು ಅದನ್ನು ಬಿಗಿದು, ಕೆಳಗೆ ಒಂದು ಸೀಸೆಯನ್ನು ತೂರಿಸಿ, ಇನ್ನೊಂದು ಸೀಸೆಯನ್ನು ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದರು. ಈ ಒಂಟಿ ತಂತಿಯ ವಾದ್ಯಕ್ಕೆ ಡಿಡ್ಲಿ ಬೋ ಎಂದು ಹೆಸರು. ಕೈಗೆ ಚುಟ್ಟಾದ ಖಾಲಿ ಪೆಟ್ಟಿಗೆಯೊಂದು ಸಿಕ್ಕಿದರೆ ಅದಕ್ಕೆ ಕೋಲು ತೂರಿಸಿ ಗಿಟಾರಿನ ರೂಪ ಕೊಡುತ್ತಿದ್ದರು. ಚುಟ್ಟಾಪೆಟ್ಟಿಗೆಯಿಂದ ಮಾಡಿದ ಪಿಟೀಲನ್ನು ಸೈನಿಕನೊಬ್ಬ ನುಡಿಸುತ್ತಿರುವ ಚಿತ್ರವನ್ನು ಎಡ್ವಿನ್ ಫೋರ್ಬ್ಸ್ ಎಂಬ ಕಲಾವಿದ 1876ರಷ್ಟು ಹಿಂದೆಯೇ ಪ್ರಕಟಿಸಿದ್ದ. ಇತ್ತೀಚೆಗೆ ಸೀಸಿಕ್ ಸ್ಟೀವ್ ಎಂಬ ಗಾಯಕರು ಆರು ತಂತಿಯ ಗಿಟಾರಿಗೆ ಮೂರೇ ತಂತಿ ಕಟ್ಟಿಕೊಂಡು 2006ರ ಕೊನೆಯ ರಾತ್ರಿ ಬ್ರಿಟನ್ನಿನ ದೂರದರ್ಶನದಲ್ಲಿ ನುಡಿಸಿ ಪ್ರಸಿದ್ಧರಾದರು.

ಎರಡನೆಯ ಕಾರಣ ಜ್ಯಾಮಿತಿ. ಕೊಳವೆ ನೆಟ್ಟಗಿನ ವಸ್ತು. ಬೆರಳುಗಳು ಬೇರೆ ಬೇರೆ ತಂತಿಗಳನ್ನು ಬೇರೆ ಬೇರೆ ಸ್ಥಾನಗಳಲ್ಲಿ ಒತ್ತಬಲ್ಲವು; ಕೊಳವೆ ಎಲ್ಲವನ್ನೂ ಒಂದೇ ಗೆರೆಯಲ್ಲಿ ಕತ್ತರಿಸುತ್ತದೆ. ಆದುದರಿಂದ ತಂತಿಗಳನ್ನು ಬಿಡಿಯಾಗಿ ಮೀಟಿದಾಗ ಯಾವ ಮೇಳವಿರುತ್ತದೆಯೋ, ಮೇಲೆ ಎಲ್ಲಿಗೆ ಹೋದರೂ ಅದೇ ಮೇಳ ಬರುತ್ತದೆ. ಹೀಗಿರುವಲ್ಲಿ ಬಿಡಿ ತಂತಿಗಳ ಶ್ರುತಿಯೇ ಇಂಪಾಗಿರಬೇಕು. ಮೂರು ತಂತಿಗಳನ್ನು ಷಡ್ಜ, ಪಂಚಮ, ಮೇಲಿನ ಷಡ್ಜಗಳಿಗೆ ಕೂಡಿಸಿದರೆ ಕಂಪನಸಂಖ್ಯೆಗಳು 2:3:4 ಆಗುತ್ತವೆ. ಇದಕ್ಕಿಂತ ಸರಳವಾದ ಮೇಳ ದುರ್ಲಭ.

ಗಾಂಧಾರ ಈ ಮೇಳದಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ನಮ್ಮ ತಂಬೂರಿಯಲ್ಲಿಯೂ ಅದಕ್ಕೆ ತಂತಿಯಿಲ್ಲ. ಗಾಂಧಾರವನ್ನು ಮೊದಲೇ ಗೊತ್ತುಮಾಡದೆ ಬಿಟ್ಟಿರುವುದರಿಂದಲೇ ಅದನ್ನು ಆರಿಸುವ ಸ್ವಾತಂತ್ರ್ಯ ನುಡಿಸುವವನಿಗೆ ಉಳಿದಿದೆ.

ವಾದ್ಯವನ್ನು ಅಣಿಗೊಳಿಸುವುದು

ಈಗ ಕೆಲಸಕ್ಕೆ ಬರೋಣ. ಮೂರು ತಂತಿಗಳ ಒಟ್ಟು ಎಳೆತ ಎಷ್ಟೆಂಬುದನ್ನು ಮೊದಲು ತಿಳಿದಿರಬೇಕು. 0.43 ಮಿಲಿಮೀಟರು ದಪ್ಪದ ಉಕ್ಕಿನ ತಂತಿಯನ್ನು 635 ಮಿಲಿಮೀಟರು ಉದ್ದದಲ್ಲಿ ಸೆಕೆಂಡಿಗೆ 196 ಕಂಪನಗಳಿಗೆ ಬಿಗಿಯಬೇಕಾದರೆ ಸುಮಾರು 7 ಕಿಲೋಗ್ರಾಂ ಭಾರದಷ್ಟು ಎಳೆತ ಬೇಕು. ಕೆಳಗಿನ ಎರಡು ದಪ್ಪ ತಂತಿಗಳು ಇನ್ನೂ ಹೆಚ್ಚು ಎಳೆಯುತ್ತವೆ. ಒಟ್ಟಿನಲ್ಲಿ 30 ಕಿಲೋಗ್ರಾಮಿಗೆ ಸಮೀಪದ ಬಲ ಹಗಲಿರುಳೂ ವಾದ್ಯವನ್ನು ಮಡಿಸಲು ಯತ್ನಿಸುತ್ತಿರುತ್ತದೆ.

ನಾವು ಮೊದಲ ಸಲ ಇಂಥ ವಾದ್ಯವನ್ನು ಕಟ್ಟಿದಾಗ ಈ ಲೆಕ್ಕವನ್ನು ಮಾಡಲಿಲ್ಲ. ತೆಳುಹಲಗೆಯ ಪೆಟ್ಟಿಗೆಯ ಪಕ್ಕಕ್ಕೆ ದಂಡಿಯನ್ನು ಮೊಳೆಯಿಂದ ಜಡಿದೆವು. ಮೊದಲ ದಿನ ಶ್ರುತಿ ಇಳಿಯಿತು, ಮತ್ತೆ ಬಿಗಿದೆವು. ಮೂರನೆಯ ದಿನ ಪೆಟ್ಟಿಗೆಯ ಪಕ್ಕವೇ ಬಿರಿದು ದಂಡಿ ಮುಂದಕ್ಕೆ ಬಾಗಿತು. ಸರಿಯಾದ ಕ್ರಮವೆಂದರೆ ತೇಗದಂತಹ ಗಟ್ಟಿ ಮರದ ಒಂದೇ ಕೋಲನ್ನು ಪೆಟ್ಟಿಗೆಯ ಒಳಗಿನಿಂದ ತೂರಿಸಿ ಆಚೆ ಬದಿಗೆ ಹೊರಡಿಸುವುದು. ತಂತಿಯ ಒಂದು ತುದಿ ಕೋಲಿನ ತಲೆಯಲ್ಲಿರುವ ಬಿರಡೆಗೂ ಇನ್ನೊಂದು ತುದಿ ಅದೇ ಕೋಲಿನ ಬಾಲಕ್ಕೂ ಸೇರಬೇಕು. ಆಗ ಎಳೆತವನ್ನೆಲ್ಲ ಕೋಲೇ ತಡೆದುಕೊಳ್ಳುತ್ತದೆ. ಪೆಟ್ಟಿಗೆಯ ಮುಚ್ಚಳಕ್ಕೆ ಕುದುರೆಯ ಮೂಲಕ ಕೆಳಮುಖವಾದ ಸ್ವಲ್ಪ ಒತ್ತಡ ಮಾತ್ರ ಬೀಳುತ್ತದೆ. ಮುಚ್ಚಳ ತೆಳ್ಳಗಿದ್ದು ಸರಾಗವಾಗಿ ಕಂಪಿಸುವುದಕ್ಕೂ ಇದೇ ಅನುಕೂಲ. ಮನೆಯಲ್ಲಿ ಹಳೆಯ ಆರು ತಂತಿಯ ಗಿಟಾರು ಇದ್ದರೆ ಈ ಚಿಂತೆಯೇ ಇಲ್ಲ. ಮೂರು ತಂತಿಗಳನ್ನು ತೆಗೆದುಹಾಕಿದರಾಯಿತು.

ತಂತಿಗಳನ್ನು ಸಾಮಾನ್ಯ ಗಿಟಾರಿನ ಕಟ್ಟಿನಿಂದಲೇ ಆರಿಸಿಕೊಳ್ಳಬಹುದು. ಅದರ ಐದನೆಯ, ನಾಲ್ಕನೆಯ ಮತ್ತು ಮೂರನೆಯ ತಂತಿಗಳು ಇಲ್ಲಿ ಬೇಕಾದವು. ಐದನೆಯದನ್ನು ಅದರ ಸಹಜ ಶ್ರುತಿಗಿಂತ ಒಂದು ಸ್ವರ ಇಳಿಸಬೇಕಾಗುತ್ತದೆ. ಉಳಿದೆರಡು ತಮ್ಮ ಸಹಜ ಶ್ರುತಿಯಲ್ಲಿಯೇ ಇರುತ್ತವೆ. ತೀರ ತೆಳುವಾದ ತಂತಿ ಬೇಡ. ಕೊಳವೆಯ ಭಾರಕ್ಕೆ ಅದು ತಗ್ಗಿ ಮೆಟ್ಟಿಲಿಗೆ ಬಡಿದು ಗರಗರ ಸದ್ದು ಮಾಡುತ್ತದೆ.

ಇನ್ನು ಎತ್ತರ. ಬೆರಳಿನಿಂದ ನುಡಿಸುವ ಗಿಟಾರಿನಲ್ಲಿ ಹನ್ನೆರಡನೆಯ ಮೆಟ್ಟಿಲಿನ ಬಳಿ ತಂತಿ ಸುಮಾರು 2.5 ಮಿಲಿಮೀಟರು ಎತ್ತರದಲ್ಲಿರುತ್ತದೆ. ಕೊಳವೆಯ ವಾದ್ಯಕ್ಕೆ 4ರಿಂದ 5 ಮಿಲಿಮೀಟರು ಬೇಕು. ತಲೆಯ ಬಳಿ ತಂತಿಗಳು ಹಾಯುವ ಸಣ್ಣ ದಿಂಡನ್ನು, ವೀಣೆಯಲ್ಲಿ ಮೇರು ಎನ್ನುವುದನ್ನು, 2ರಿಂದ 3 ಮಿಲಿಮೀಟರು ಎತ್ತರಿಸಿದರೆ ಸಾಕು. ಕುದುರೆಯ ಕೆಳಗೂ ತೆಳುವಾದ ಮರದ ಚೂರನ್ನು ಇಡಬಹುದು. ಸಾಮಾನ್ಯ ಗಿಟಾರನ್ನು ಹೀಗೆ ಎತ್ತರಿಸಿದರೆ ಕೆಡುತ್ತದೆ. ಕಾರಣವಿಷ್ಟೆ: ತಂತಿಯನ್ನು ಕೆಳಕ್ಕೆ ಒತ್ತಿದಾಗ ಅದು ಹಿಗ್ಗಿ ಬಿಗಿತ ಹೆಚ್ಚುತ್ತದೆ. ಮೇಲೆ ಹೇಳಿದ 0.43 ಮಿಲಿಮೀಟರಿನ ತಂತಿಯನ್ನು ನಡುವೆ 2.5 ಮಿಲಿಮೀಟರು ಒತ್ತಿದರೆ 392 ಆಗಬೇಕಾದ ಕಂಪನಸಂಖ್ಯೆ 394ನ್ನು ದಾಟುತ್ತದೆ. 5 ಮಿಲಿಮೀಟರು ಒತ್ತಿದರೆ 402ಕ್ಕೆ ಹೋಗುತ್ತದೆ. ಎತ್ತರ ಇಮ್ಮಡಿಯಾದರೆ ತಪ್ಪು ನಾಲ್ಮಡಿ. ಕೊಳವೆ ತಂತಿಯನ್ನು ಒತ್ತುವುದಿಲ್ಲ, ತಾಕುತ್ತದೆ ಅಷ್ಟೆ. ಆದುದರಿಂದ ಈ ತಪ್ಪು ಅಲ್ಲಿ ಹುಟ್ಟುವುದಿಲ್ಲ.

ಮತ್ತೊಂದು ಮಾತು. ಅನೇಕ ಗಿಟಾರುಗಳಲ್ಲಿ ದಂಡಿಯ ಮೇಲ್ಮೈ ಸ್ವಲ್ಪ ಉಬ್ಬಿದ್ದು ತಂತಿಗಳೂ ಆ ಉಬ್ಬನ್ನು ಅನುಸರಿಸುತ್ತವೆ. ನೆಟ್ಟಗಿನ ಕೊಳವೆ ಅಂತಹ ಮೂರು ತಂತಿಗಳನ್ನು ಒಮ್ಮೆಗೇ ಮುಟ್ಟಲಾರದು. ಮೇರು ಮತ್ತು ಕುದುರೆಗಳಲ್ಲಿ ದಪ್ಪ ತಂತಿಗೆ ಆಳವಾದ, ತೆಳು ತಂತಿಗೆ ಮೇಲುಮೇಲಿನ ಗೀರನ್ನು ಕೊರೆದು, ಮೂರು ತಂತಿಗಳ ನೆತ್ತಿಯೂ ಒಂದೇ ಮಟ್ಟಕ್ಕೆ ಬರುವಂತೆ ಮಾಡಬೇಕು. ಕೊಳವೆಯನ್ನು ಅಡ್ಡಲಾಗಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಎಲ್ಲಿ ಸಂದು ಉಳಿದಿದೆಯೆಂಬುದು ಗೊತ್ತಾಗುತ್ತದೆ.

ಶ್ರುತಿ ಕೂಡಿಸುವುದು

ಕೆಳಗಿನ ತಂತಿಯನ್ನು ಸೆಕೆಂಡಿಗೆ 98, ನಡುವಿನದನ್ನು 147, ಮೇಲಿನದನ್ನು 196 ಕಂಪನಗಳಿಗೆ ತರಬೇಕು. ಪಾಶ್ಚಾತ್ಯರ ಹೆಸರಿನಲ್ಲಿ ಇವು ಜಿ, ಡಿ, ಜಿ. ಮೊದಲನೆಯದನ್ನು ಹಾರ್ಮೋನಿಯಮ್ಮಿನಿಂದಲೋ ಮೊಬೈಲ್ ಫೋನಿನ ಶ್ರುತಿಮಾಪಕದಿಂದಲೋ ಹಿಡಿಯಬಹುದು. ಉಳಿದೆರಡಕ್ಕೆ ಕಿವಿಯನ್ನೇ ನಂಬುವುದು ಲೇಸು.

ಕಿವಿ ಇದನ್ನು ಹೇಗೆ ಮಾಡುತ್ತದೆ? ಮೀಟಿದ ತಂತಿ ತನ್ನ ಮೂಲಸ್ವರದೊಡನೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನಗಳ ಉಪಸ್ವರಗಳನ್ನೂ ಕೊಡುತ್ತದೆ. ಕೆಳಗಿನ ತಂತಿಯ ಮೂರನೆಯ ಉಪಸ್ವರ 98ರ ಮೂರು ಪಟ್ಟು, ಎಂದರೆ 294. ನಡುವಿನ ತಂತಿಯ ಎರಡನೆಯ ಉಪಸ್ವರ 147ರ ಎರಡು ಪಟ್ಟು, ಅದೂ 294. ನಡುವಿನ ತಂತಿ 146ರಲ್ಲಿದ್ದರೆ ಒಂದು 294, ಇನ್ನೊಂದು 292. ಆಗ ನಾದ ಸೆಕೆಂಡಿಗೆ ಎರಡು ಸಲ ಏರಿಳಿಯುತ್ತದೆ. ಇದನ್ನೇ ಭೌತವಿಜ್ಞಾನದಲ್ಲಿ ವಿಸ್ಪಂದನವೆನ್ನುತ್ತಾರೆ. ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ಬಿರಡೆಯನ್ನು ನಿಧಾನವಾಗಿ ತಿರುಗಿಸಬೇಕು. ವಾ-ವಾ-ವಾ ಎಂಬ ತೂಗಾಟ ನಿಧಾನವಾಗುತ್ತ ಬಂದು ನಿಂತುಹೋದಾಗ ಪಂಚಮ ಕೂಡಿತು. ಮೇಲಿನ ಷಡ್ಜವನ್ನೂ ಹೀಗೆಯೇ ಕೆಳಗಿನದರೊಡನೆ ಕೂಡಿಸಬೇಕು.

ಮೂರನೆಯ ತಂತಿಯನ್ನು ಬಿಗಿದ ಮೇಲೆ ಮೊದಲನೆಯದು ಇಳಿದಿರುವುದು ಕಂಡುಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಹೊಸ ಎಳೆತಕ್ಕೆ ದಂಡಿ ಕೂದಲೆಳೆಯಷ್ಟು ಬಾಗಿ ಉಳಿದ ತಂತಿಗಳು ಸಡಿಲಗೊಂಡಿರುತ್ತವೆ. ಎರಡು ಮೂರು ಸುತ್ತು ಸರಿಪಡಿಸಬೇಕು. ಹೊಸ ತಂತಿ ಒಂದೆರಡು ದಿನ ಹಿಗ್ಗುತ್ತಲೇ ಇರುತ್ತದೆ. ಬಿಗಿಯುವಾಗ ಮುಖವನ್ನು ತಂತಿಯಿಂದ ದೂರವಿಡಬೇಕು. ಹರಿದ ಉಕ್ಕಿನ ತಂತಿ ಕಣ್ಣಿಗೆ ಅಪಾಯಕಾರಿ.

ಕುದುರೆ ತನ್ನ ಸ್ಥಾನದಲ್ಲಿದೆಯೇ ಎಂಬುದಕ್ಕೂ ಸುಲಭವಾದ ಪರೀಕ್ಷೆಯಿದೆ. ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಬೆರಳಿನಿಂದ ಬರಿದೆ ಸೋಕಿ ಮೀಟಿದರೆ ಒಂದು ಸ್ಥಾಯಿ ಮೇಲಿನ ಉಪಸ್ವರ ಗಂಟೆಯಂತೆ ಕೇಳಿಸಬೇಕು. ಆ ಸ್ಥಾನ ತಂತಿಯ ನಟ್ಟನಡುವೆ ಇದ್ದರೆ ಮಾತ್ರ ಹೀಗಾಗುತ್ತದೆ. ಮೆಟ್ಟಿಲಿಲ್ಲದ ದಂಡಿಯಾದರೆ ಈ ಸ್ಥಾನಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡರಾಯಿತು.

ಕೊಳವೆಯ ನಡೆ

ಕೊಳವೆಗೆ ಹಿತ್ತಾಳೆಯ ಇಲ್ಲವೆ ಉಕ್ಕಿನ ನಳಿಗೆಯ ನುಣುಪಾದ ತುಂಡು ಸಾಕು. ಹಿಂದೆ ಸೀಸೆಯ ಕತ್ತನ್ನು ಕತ್ತರಿಸಿ ಬಳಸುತ್ತಿದ್ದರು. ವಿದ್ಯಾರ್ಥಿಗಳು ಆ ಸಾಹಸಕ್ಕೆ ಕೈಹಾಕುವುದು ಬೇಡ. ಕೊಳವೆ ಭಾರವಾಗಿದ್ದಷ್ಟೂ ತಂತಿಯ ಅಲೆ ಅಲ್ಲಿಂದ ಚೆನ್ನಾಗಿ ಹಿಂದಿರುಗಿ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಹಗುರವಾದ ಕೊಳವೆ ತಾನೇ ತಂತಿಯೊಡನೆ ನಡುಗಿ ಶಕ್ತಿಯನ್ನು ಕಳೆಯುತ್ತದೆ.

ಕೊಳವೆಯನ್ನು ಕಿರುಬೆರಳಿಗೆ ತೊಡಿಸಿಕೊಂಡು, ಉಳಿದ ಬೆರಳುಗಳನ್ನು ಅದರ ಹಿಂದೆ, ಎಂದರೆ ತಲೆಯ ಕಡೆಗೆ, ತಂತಿಗಳ ಮೇಲೆ ಹಗುರವಾಗಿ ಒರಗಿಸಬೇಕು. ಕೊಳವೆಯ ಎರಡು ಬದಿಯಲ್ಲೂ ತಂತಿಯುಂಟಷ್ಟೆ. ಹಿಂದಿನ ತುಂಡೂ ತನ್ನದೇ ಸ್ವರದಲ್ಲಿ ಕೂಗುತ್ತದೆ. ಬೆರಳುಗಳು ಅದನ್ನು ಸುಮ್ಮನಾಗಿಸುತ್ತವೆ. ಕೊಳವೆ ನಿಲ್ಲಬೇಕಾದದ್ದು ಮೆಟ್ಟಿಲುಗಳ ನಡುವೆ ಅಲ್ಲ, ಮೆಟ್ಟಿಲಿನ ನೇರಕ್ಕೆ ಮೇಲೆ. ತಂತಿ ದಂಡಿಯಿಂದ 5 ಮಿಲಿಮೀಟರು ಎತ್ತರದಲ್ಲಿರುವುದರಿಂದ ಓರೆಯಾಗಿ ನೋಡಿದರೆ ಅಷ್ಟೇ ದೂರ ತಪ್ಪಿಹೋಗಬಹುದು. ಪ್ರಯೋಗಶಾಲೆಯಲ್ಲಿ ಅಳತೆಪಟ್ಟಿಯನ್ನು ಓರೆಯಾಗಿ ಓದುವಾಗ ಆಗುವ ತಪ್ಪೇ ಇದು. ಮೇಲೆ ಮೇಲೆ ಹೋದಂತೆ ಎಚ್ಚರ ಹೆಚ್ಚು ಬೇಕು. ಮೊದಲ ಅರ್ಧಸ್ವರ 35.6 ಮಿಲಿಮೀಟರು ಅಗಲವಿದ್ದರೆ ಹನ್ನೆರಡನೆಯ ಮೆಟ್ಟಿಲಿನ ಆಚೆಯ ಅರ್ಧಸ್ವರಕ್ಕೆ ಇರುವುದು 17.8 ಮಿಲಿಮೀಟರು ಮಾತ್ರ.

ಬಿಡಿ ತಂತಿ, ಐದನೆಯ ಮೆಟ್ಟಿಲು, ಏಳನೆಯ ಮೆಟ್ಟಿಲು: ಈ ಮೂರು ಸ್ಥಾನಗಳಲ್ಲಿ ಮೂರು ತಂತಿಗಳನ್ನೂ ಮೀಟಿದರೆ ಬ್ಲೂಸ್ ಹಾಡಿಗೆ ಬೇಕಾದ ಮೂರು ಮೇಳಗಳೂ ಸಿಕ್ಕಿದಂತೆಯೇ. ಆಮೇಲೆ ಕೆಳಗಿನ ತಂತಿಗಳನ್ನು ತಂಬೂರಿಯಂತೆ ಮೊಳಗಲು ಬಿಟ್ಟು, ಮೇಲಿನ ಒಂದೇ ತಂತಿಯ ಮೇಲೆ ಕೊಳವೆಯನ್ನು 101ರಿಂದ 131 ಮಿಲಿಮೀಟರಿನವರೆಗೆ ಮೆಲ್ಲನೆ ನಡೆಸಬೇಕು. ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರದವರೆಗಿನ ಇಡೀ ಸೀಮೆ ಕಿವಿಗೆ ಬೀಳುತ್ತದೆ.

ಜಾರಿಸಿ ನುಡಿಸುವ ವಿದ್ಯೆ ಒಂದೇ ದೇಶದ ಸೊತ್ತಲ್ಲ. ಹವಾಯಿ ದ್ವೀಪಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೋಸೆಫ್ ಕೆಕುಕು ಎಂಬವರು ಗಿಟಾರಿನ ಮೇಲೆ ಉಕ್ಕಿನ ಸಲಾಕೆಯನ್ನು ಜಾರಿಸುವ ಕ್ರಮವನ್ನು ಬಳಕೆಗೆ ತಂದರು. ನಮ್ಮ ದೇಶದಲ್ಲಿ ಗೋಟುವಾದ್ಯವೂ ವಿಚಿತ್ರವೀಣೆಯೂ ಮೆಟ್ಟಿಲಿಲ್ಲದ ದಂಡಿಯ ಮೇಲೆ ಮರದ ಕೊರಡನ್ನೋ ಗಾಜಿನ ಗುಂಡನ್ನೋ ಜಾರಿಸಿ ನುಡಿಸುವ ವಾದ್ಯಗಳು. ಬ್ರಿಜಭೂಷಣ ಕಾಬ್ರಾ ಅವರು ಗಿಟಾರನ್ನೇ ಹಿಂದುಸ್ತಾನಿ ಸಂಗೀತಕ್ಕೆ ಒಗ್ಗಿಸಿದರು. ವಿಶ್ವಮೋಹನ ಭಟ್ಟರು ತಮ್ಮ ಮೋಹನವೀಣೆಗಾಗಿ ಅದರ ರೂಪವನ್ನೇ ಬದಲಿಸಿದರು. ಅಮೆರಿಕಾದ ರೈ ಕೂಡರ್ ಅವರೊಡನೆ ಅವರು ನುಡಿಸಿದ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಮಿಸಿಸಿಪಿಯ ಕೊಳವೆ ಮತ್ತು ಹಿಂದುಸ್ತಾನದ ಸಲಾಕೆ ಒಂದೇ ಮುದ್ರಿಕೆಯಲ್ಲಿ ಮಾತನಾಡಿಕೊಳ್ಳಲು ಸಾಧ್ಯವಾದದ್ದಕ್ಕೆ ಕಾರಣ, ಎರಡೂ ಸ್ವರಗಳ ನಡುವಣ ಜಾಗವನ್ನು ಬಿಟ್ಟುಕೊಡಲು ಒಪ್ಪದಿದ್ದುದೇ.

ವಾದ್ಯವನ್ನು ಕಟ್ಟಿದ ವಿದ್ಯಾರ್ಥಿಗಳು ಮೊದಲ ದಿನ ಹಾಡನ್ನು ನುಡಿಸಲು ಆತುರಪಡಬೇಕಾಗಿಲ್ಲ. ಕಣ್ಣು ಮುಚ್ಚಿಕೊಂಡು, ಕೆಳಗಿನ ಷಡ್ಜವನ್ನು ಮೊಳಗಿಸಿ, ಮೇಲಿನ ತಂತಿಯಲ್ಲಿ ಗಾಂಧಾರ ಕೂಡಿತೆಂದು ಕಿವಿ ಒಪ್ಪುವವರೆಗೆ ಕೊಳವೆಯನ್ನು ಸರಿಸಲಿ. ಅನಂತರ ಕಣ್ಣು ತೆರೆದು ಕೊಳವೆ ನಿಂತ ಸ್ಥಾನವನ್ನು ಅಳತೆಪಟ್ಟಿಯಿಂದ ಅಳೆಯಲಿ. ಅದು 131ರ ಬದಲು 127ರ ಆಸುಪಾಸಿನಲ್ಲಿದ್ದರೆ ಮೆಟ್ಟಿಲನ್ನು ಕೇಳದೆಯೇ ಅವರ ಕಿವಿ 5:4ನ್ನು ಕಂಡುಕೊಂಡಿತೆಂದು ತಿಳಿಯಬಹುದು.